ಮೊಮ್ಮಗಳ ಉಡಿ ತುಂಬಲು ಲಾಟ್ವಿಯಾಕ್ಕೆ ಹೋದದ್ದು

ಲಾಟ್ವಿಯಾ ಎಂಬ ದೇಶವೊಂದಿದೆ ಎಂದು ನನಗೆ ಗೊತ್ತಿರಲಿಲ್ಲ. ನಿಂಬರ್ಗಾ ಎಂಬ ನಮ್ಮ ಊರಿದೆ ಎಂದು ಅಲ್ಲಿಯವರಿಗೂ ಗೊತ್ತಿರಲಿಲ್ಲ. ಅಲ್ಲಿಗೆ ನಮ್ಮಿಬ್ಬರದೂ ಸರಿಹೋಯಿತು. ಹದಿನೆಂಟು ದಿನ ಇದ್ದು ಬಂದೆ. ಊರವರು ಕೇಳುವುದು ಎರಡೇ ಮಾತು: ಏನು ತಿಂದಿ, ಥಂಡಿ ಎಷ್ಟಿತ್ತು. ನಾನು ತಿನ್ನಲು ಹೋಗಿರಲಿಲ್ಲ, ಥಂಡಿ ನೋಡಲೂ ಹೋಗಿರಲಿಲ್ಲ. ಯಾಕೆ ಹೋದೆ, ಏನು ಮಾಡಿ ಬಂದೆ ಎಂಬುದನ್ನು ಮುಚ್ಚಿಡದೆ ಬರೆಯುತ್ತೇನೆ. ಓದಿ ಬೈಯುವವರು ಬೈಯಲಿ. ನನಗೆ ಎಪ್ಪತ್ತಾರು ದಾಟಿದೆ. ಬೈಗುಳ ತಿಂದು ಸತ್ತವರನ್ನು ನಾನು ಇನ್ನೂ ನೋಡಿಲ್ಲ.

ನಿಂಬರ್ಗಾ

ಮೊದಲು ಮನೆಯ ಸಂಗತಿ. ನನ್ನ ಮಗ ಶರಣಪ್ಪ ತೊಗರಿ, ಜೋಳ ಬೆಳೆಯುತ್ತಾನೆ. ಅವನಿಗೆ ಇಬ್ಬರು ಮಕ್ಕಳು. ದೊಡ್ಡವನು ಮಲ್ಲಿನಾಥ. ಮೂವತ್ಮೂರು ವರ್ಷ, ಬಿ.ಎ. ಮುಗಿಸಿ ಹೊಲ ಮಾಡಿಕೊಂಡಿದ್ದಾನೆ. ಅವನಾದ ಹತ್ತು ವರ್ಷಕ್ಕೆ ಹುಟ್ಟಿದವಳು ಅಂಬಿಕಾ. ಅವಳು ಲಾಟ್ವಿಯಾದಲ್ಲಿ ದನದ ಡಾಕ್ಟರಿಕೆ ಓದುತ್ತಾಳೆ.

ಮಲ್ಲಿನಾಥನಿಗೆ ಹೆಣ್ಣು ಸಿಗಲಿಲ್ಲ. ಅವನೊಬ್ಬನಿಗೇ ಅಲ್ಲ. ನಮ್ಮ ಓಣಿಯಲ್ಲಿ ಮೂವತ್ತು ದಾಟಿದ ಗಂಡುಗಳು ತಲೆಗೆ ಬಣ್ಣ ಹಚ್ಚಿಕೊಂಡು ಕಟ್ಟೆಯ ಮೇಲೆ ಸಾಲಾಗಿ ಕೂಡುತ್ತಾರೆ. ಹಿರೋಳ್ಳಿಯ ಕಡೆಯವರು ಹೆಣ್ಣು ಹುಡುಕಿಕೊಂಡು ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋಗುತ್ತಾರೆ. ಅಲ್ಲಿಯವರು ಅದೇ ಕೆಲಸಕ್ಕೆ ಇತ್ತ ಬರುತ್ತಾರೆ. ನಡುದಾರಿಯ ಒಂದೇ ಹೋಟೆಲಿನಲ್ಲಿ ಕೂತು, ಚಹಾ ಕುಡಿದು, ಬಂದ ದಾರಿಗೆ ಸುಂಕವಿಲ್ಲ ಎಂದು ತಿರುಗಿ ಹೋಗುತ್ತಾರೆ. ಜೇವರ್ಗಿಯಲ್ಲಿ ನಾವೊಂದು ಹೆಣ್ಣು ನೋಡಿದೆವು. ಹುಡುಗಿ ನೇರ ಮಲ್ಲಿನಾಥನನ್ನೇ ಕೇಳಿದಳು, "ನೀವು ದಿನಾ ಹೊಲಕ್ಕ ಹೋಗ್ತೀರೇನ್ರಿ?" ಇವನು ಹೌದೆಂದ. ಅವಳು ಖಾಲಿ ಕಪ್ಪು ತೆಗೆದುಕೊಂಡು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಕೊನೆಗೆ ಭೀಮೆಯ ದಂಡೆಯ ಮಣ್ಣೂರಿನ ಒಂದು ಮನೆಯವರು ಸಾಟಿಗೆ ಒಪ್ಪಿದರು. ಸಾಟಿ ಎಂದರೆ ಹೆಣ್ಣಿಗೆ ಹೆಣ್ಣು. ಅವರ ಮಗಳು ರೇಣುಕಾ ನಮ್ಮ ಮಲ್ಲಿನಾಥನಿಗೆ, ನಮ್ಮ ಅಂಬಿಕಾ ಅವರ ಮಗನಿಗೆ. ಒಬ್ಬಳು ಬಾರದಿದ್ದರೆ ಇನ್ನೊಬ್ಬಳೂ ಬರುವುದಿಲ್ಲ. ಅವರ ಮಗನಿಗೆ ಮೂವತ್ತಾರು. ರೇಣುಕಾ ಅಫಜಲಪುರದ ಕಾಲೇಜಿನಲ್ಲಿ ಕೊನೆಯ ವರ್ಷದಲ್ಲಿದ್ದಳು. ಈ ಮಾತು ಕಿವಿಗೆ ಬಿದ್ದ ದಿನದಿಂದ ಅಂಬಿಕಾ ಅಪ್ಪನ ಫೋನು ಎತ್ತುವುದನ್ನು ಬಿಟ್ಟಳು. ನನ್ನದನ್ನು ಮಾತ್ರ ಎತ್ತುತ್ತಿದ್ದಳು. ಅವಳನ್ನು ಎತ್ತಿ ಆಡಿಸಿದವಳು ನಾನು. ಅದಕ್ಕೇ ನನ್ನನ್ನು ಕಳಿಸಿದರು.

ಮಣ್ಣೂರಿನವರು ಉಡಿ ತುಂಬುವ ಸಾಮಾನು ಕಟ್ಟಿಕೊಟ್ಟರು: ಹಸಿರು ಸೀರೆ, ಕುಪ್ಪಸದ ಖಣ, ಅಕ್ಕಿ, ಉತ್ತತ್ತಿ, ಅರಿಶಿನ ಕೊಂಬು, ಕೊಬ್ಬರಿ ಬಟ್ಟಲು. ನಮ್ಮಲ್ಲಿ ಇದಿಷ್ಟು ಹುಡುಗಿಯ ಸೆರಗಿಗೆ ಬಿತ್ತೆಂದರೆ ಮದುವೆಯ ಮಾತು ಮುಗಿದಂತೆ. ಅವಳು ಬಾಯಿ ತೆರೆಯಬೇಕಾಗಿಲ್ಲ, ಸೆರಗು ಒಡ್ಡಿದರೆ ಸಾಕು.

"ನೀ ಏನೂ ಹೇಳಬ್ಯಾಡ ಯವ್ವಾ," ಎಂದ ಶರಣಪ್ಪ. "ಆಶೀರ್ವಾದ ಮಾಡ್ತೇನಿ ಬಾ ಅಂತ ಉಡಿ ತುಂಬು. ಒಂದ್ ಫೋಟೋ ಹೊಡಸಿ ಕಳಸು. ಫೋಟೋ ಮಣ್ಣೂರ ಮುಟ್ಟಿದ್ರ ಕೆಲಸ ಮುಗೀತು."

"ಮೋಸ ಮಾಡು ಅಂತೀಯೇನು?"

"ಮೋಸ ಅಲ್ಲಬೇ, ಪದ್ಧತಿ."

ನಾನು ಹೂಂ ಎಂದೆ. ಸುಳ್ಳು ಯಾಕೆ ಹೇಳಲಿ, ಆಗ ನನಗೂ ಅದು ಪದ್ಧತಿ ಅಂತಲೇ ಅನ್ನಿಸಿತ್ತು.

ಹೈದರಾಬಾದು, ಆಮೇಲೆ ಆಕಾಶ

ಹೈದರಾಬಾದಿನ ತನಕ ಮಲ್ಲಿನಾಥ ಬಂದ. ಹೆಸರು, ವಿಳಾಸ ಬರೆದ ಚೀಟಿಯನ್ನು ನನ್ನ ಕೊರಳಿಗೆ ಕಟ್ಟಿದ, ಜಾತ್ರೆಗೆ ಹೋಗುವ ಕೂಸಿಗೆ ಕಟ್ಟಿದ ಹಾಗೆ. ಒಳಗೆ ಹೋದ ಮೇಲೆ ನನ್ನ ಗಂಟು ಬಿಚ್ಚಿಸಿದರು. ಅಲ್ಲಿದ್ದ ಪೊಲೀಸಿನವನು ಕೊಬ್ಬರಿ ಬಟ್ಟಲು ಎತ್ತಿ ಹಿಡಿದು, "ಅಮ್ಮಾ, ಖೋಪ್ರಾ ನಕ್ಕೋ. ಆಗ ಲಗ್ತಾ," ಎಂದ. ಕೊಬ್ಬರಿಯಲ್ಲಿ ಎಣ್ಣೆ ಇರುವುದರಿಂದ ವಿಮಾನದಲ್ಲಿ ಬೆಂಕಿ ಹತ್ತುತ್ತದಂತೆ.

"ಅರವತ್ತು ವರ್ಷ ಕೊಬ್ಬರಿ ತುರದೀನಪ್ಪ, ಒಂದ್ ದಿನಾನೂ ಹೊತ್ತಿಲ್ಲ," ಎಂದೆ.

ಅವನು ಜಗ್ಗಲಿಲ್ಲ. ಬಿಸಾಡುವುದಕ್ಕೆ ನನಗೆ ಮನಸ್ಸಿಲ್ಲ. ಅಲ್ಲೇ ಅವನ ಮೇಜಿನ ಅಂಚಿಗೆ ಕುಟ್ಟಿ ಒಡೆದು ತಿನ್ನತೊಡಗಿದೆ. ಹಿಂದಿನ ಸಾಲು ಗೊಣಗಿತು. ಅವನಿಗೂ ಒಂದು ಚೂರು ಕೊಟ್ಟೆ. ಅತ್ತಿತ್ತ ನೋಡಿ ಬಾಯಿಗೆ ಹಾಕಿಕೊಂಡ. ಉಡಿಯ ಸಾಮಾನಿನಲ್ಲಿ ಒಂದು ಅಲ್ಲೇ ಕಡಿಮೆಯಾಯಿತು.

ವಿಮಾನದ ವಿಷಯ ಹೆಚ್ಚು ಹೇಳುವಂಥದ್ದಿಲ್ಲ. ಕಾಲು ಚಾಚಲು ಜಾಗವಿಲ್ಲ, ಕಲಬುರಗಿ ಬಸ್ಸೇ ಮೇಲು. ದೀಪದ ಗುಂಡಿ ಎಂದು ತಿಳಿದು ಐದು ಸಲ ಒತ್ತಿದ್ದು ಕೆಲಸದವರನ್ನು ಕರೆಯುವ ಗುಂಡಿಯಾಗಿತ್ತು. ಐದು ಸಲವೂ ಆ ಹುಡುಗಿ ನಗುತ್ತಲೇ ಬಂದಳು. ಆರನೆಯ ಸಲ ನಾನು ಒತ್ತದೆಯೂ ಬಂದು ನನ್ನ ಕೈಯನ್ನು ಮಡಿಲಲ್ಲಿ ಇಟ್ಟು ಹೋದಳು.

ದುಬೈಯಲ್ಲಿ ವಿಮಾನ ಬದಲಿಸಬೇಕು. ಗಾಲಿ ಕುರ್ಚಿಯಲ್ಲಿ ನನ್ನನ್ನು ತಳ್ಳಿದವಳು ನೇಪಾಳದ ಹುಡುಗಿ. ಹಿಂದಿಯಲ್ಲಿ ಕೇಳಿದಳು, ಅಜ್ಜಿ ಎಲ್ಲಿಗೆ ಎಂದು. ಮೊಮ್ಮಗಳ ಮದುವೆ ಗಟ್ಟಿ ಮಾಡಲು ಎಂದೆ.

"ಮೊಮ್ಮಗಳಿಗೆ ಗೊತ್ತಿದೆಯಾ?" ಎಂದಳು.

ನಾನು ನೀರು ಕೇಳಿದೆ. ಅವಳಿಗೆ ತಿಳಿಯಿತು. ಕುರ್ಚಿ ತಳ್ಳುವುದರಲ್ಲಿ ಚುರುಕಿದ್ದಳು, ಮಾತಿನಲ್ಲೂ.

ಹಾಸ್ಟೆಲು

ವಿಮಾನ ಇಳಿದ ಕಡೆ ನನಗಾಗಿ ಕಾಯುತ್ತಿದ್ದ ಅಂಬಿಕಾ ತನ್ನ ಕೂದಲನ್ನು ಕಿವಿಯ ತನಕ ಕತ್ತರಿಸಿಕೊಂಡಿದ್ದಳು. "ಹೇನು ಆಗಿದ್ವೇನು?" ಎಂದೆ. "ಆಕಳ ಹೊಟ್ಟ್ಯಾಗ ಕೈ ಹಾಕಬೇಕಾಗ್ತದ ಆಯಿ, ಜಡಿ ಅಡ್ಡ ಬರ್ತದ," ಎಂದಳು.

ಆ ದೇಶ ನಮ್ಮ ಸೀಮೆಯಂತೆಯೇ ಸಪಾಟು. ಗುಡ್ಡವಿಲ್ಲ. ಆದರೆ ಎಲ್ಲ ಹಸಿರು, ಆಕಳು ಮಲಗಿಕೊಂಡೇ ಮೇಯುತ್ತವೆ. ಮನೆಯೊಳಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡುತ್ತಾರೆ. ಬಿಳಿಯರಿಗೆ ಆ ಬುದ್ಧಿ ಇಲ್ಲವೆಂದು ಯಾರೋ ಹೇಳಿದ್ದರು, ಸುಳ್ಳು. ಆ ತಿಂಗಳಲ್ಲಿ ಅಲ್ಲಿ ರಾತ್ರಿ ಹತ್ತಾದರೂ ಹೊತ್ತು ಮುಳುಗುವುದಿಲ್ಲ. ಮೊದಲ ದಿನ ಹೊತ್ತು ಮುಳುಗಿದ ಮೇಲೆ ಕೈಕಾಲು ತೊಳೆದು ದೇವರಿಗೆ ಕೈಮುಗಿಯೋಣ ಎಂದು ಕಾಯುತ್ತ ಕೂತೆ. ಸೂರ್ಯ ಅಲ್ಲೇ ಕೂತಿದ್ದ, ಉಣ್ಣಲು ಬಂದ ಬೀಗನ ಹಾಗೆ. ನಾನೇ ಸೋತು ಮಲಗಿದೆ.

ಮರುದಿನ ಬೆಳಿಗ್ಗೆ ಹಾಸ್ಟೆಲಿನ ಅಡುಗೆಮನೆಯಲ್ಲಿ ಒಣ ಬ್ಯಾಡಗಿ ಮೆಣಸಿನಕಾಯಿ ಹುರಿದೆ, ಹಿಂಡಿ ಚಟ್ನಿ ಕುಟ್ಟಲು. ಎಲ್ಲೋ ಮೇಲೆ ಗಂಟೆ ಹೊಡೆಯಲು ಹತ್ತಿತು. ಅಂಬಿಕಾ ಓಡಿ ಬಂದು ನನ್ನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಹೋದಳು. ಹೊಗೆ ಎದ್ದರೆ ಗಂಟೆ ತಾನೇ ಹೊಡೆಯುತ್ತದೆ, ಗಂಟೆ ಹೊಡೆದರೆ ಹಾಸ್ಟೆಲಿನವರೆಲ್ಲ ಹೊರಗೆ ಬಂದು ಹುಲ್ಲಿನ ಮೇಲೆ ನಿಲ್ಲಬೇಕು. ಅದು ಅಲ್ಲಿನ ಕಾನೂನು.

ಬಂದರು. ಹುಡುಗಿಯರು, ಹುಡುಗಿಯರು, ಮತ್ತೆ ಹುಡುಗಿಯರು. ಒದ್ದೆ ಕೂದಲಿನವರು, ಪುಸ್ತಕ ಹಿಡಿದವರು, ಬಾಯಲ್ಲಿ ಬ್ರಷ್ ಇದ್ದವರು. ನಡುನಡುವೆ ಜೋಳದ ಹೊಲದಲ್ಲಿ ಅಕ್ಕಡಿ ಕಾಳು ಹಾಕಿದ ಹಾಗೆ ಒಬ್ಬೊಬ್ಬ ಹುಡುಗ.

"ಗಂಡು ಹುಡುಗರಿಗಿ ಸೂಟಿ ಅದ ಏನು?" ಎಂದೆ.

"ಇಲ್ಲ ಆಯಿ, ಇಷ್ಟೇ ಅದಾರ. ಈ ಓದು ಇಲ್ಲಿ ಹುಡುಗ್ಯಾರೇ ಭಾಳ ಓದ್ತಾರ. ಹುಡುಗರು ಲಗೂನ ದುಡಿಯಾಕ ಹೋಗ್ತಾರ."

ನಮ್ಮೂರಿನಲ್ಲಿ ಇಂಥದೊಂದು ಗಂಟೆ ಹೊಡೆದು, ಮದುವೆಯಾಗದವರೆಲ್ಲ ಹೊರಗೆ ಬರ್ರಿ ಎಂದರೆ ಬರೀ ಮೀಸೆ ಕಾಣಿಸುತ್ತಿತ್ತು.

ಹಾಸ್ಟೆಲಿನ ಮೇಲ್ವಿಚಾರಕಿ ಕೆಮ್ಮುತ್ತ ಕೆಳಗೆ ಬಂದಳು. ಏನು ಸುಟ್ಟಿರಿ ಎಂದು ಕೇಳಿದಳು. ಅಂಬಿಕಾ ಚಟ್ನಿ ಎಂದಳು. ಆ ಹೆಂಗಸು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಇನ್ನು ಮೇಲೆ ಕಿಟಕಿ ತೆರೆದು ಹುರಿ ಎಂದು ಸನ್ನೆ ಮಾಡಿ ಹೋದಳು. ಬೈಯಲಿಲ್ಲ. ಅವಳಿಗೂ ಮನೆಯಲ್ಲಿ ಮುದುಕಿ ಇದ್ದಿರಬೇಕು.

ಇಲ್ಜೆಯ ಗೆಳೆಯ

ಅಂಬಿಕಾಳ ಕೋಣೆಯಲ್ಲಿ ಇನ್ನೊಬ್ಬಳು ಇರುತ್ತಾಳೆ, ಹೆಸರು ಇಲ್ಜೆ. ಆ ದೇಶದವಳೇ, ಒಕ್ಕಲುತನದವರ ಮಗಳು, ಬಾಗಿಲಿಗೆ ತಲೆ ಬಡಿಯುವಷ್ಟು ಎತ್ತರ. ಒಳ್ಳೆಯ ಹುಡುಗಿ. ನನಗೆ ಹಾಸಿಗೆ ಬಿಟ್ಟುಕೊಟ್ಟು ತಾನು ನೆಲದ ಮೇಲೆ ಮಲಗಿದಳು.

ಅವಳಿಗೊಬ್ಬ ಗೆಳೆಯ, ಮಾರ್ಟಿನ್ಸ್. ಮಂಗಳವಾರ, ಶುಕ್ರವಾರ ಬರುತ್ತಾನೆ. ಉಳಿದ ದಿನ ಯಾಕಿಲ್ಲ ಎಂದರೆ ಉಳಿದ ದಿನ ಮೂರನೆಯ ಮಹಡಿಯಲ್ಲಿ ಬೇರೊಬ್ಬಳ ಹತ್ತಿರ ಹೋಗುತ್ತಾನೆ. ಇದು ಇಲ್ಜೆಗೂ ಗೊತ್ತು, ಮೂರನೆಯ ಮಹಡಿಯವಳಿಗೂ ಗೊತ್ತು, ಕಸ ಗುಡಿಸುವವಳಿಗೂ ಗೊತ್ತು. ಶುಕ್ರವಾರ ಬಂದವನು ನನ್ನ ಕೈಯ ನಾಲ್ಕು ಜೋಳದ ರೊಟ್ಟಿ ತಿಂದ. ತಾಟು ಅಲ್ಲೇ ಬಿಟ್ಟು ಎದ್ದು ಹೋದ. ಇಲ್ಜೆ ತೊಳೆದಳು. ಇಷ್ಟು ನೋಡಲು ಅಷ್ಟು ದೂರ ಹೋಗಬೇಕಾಗಿತ್ತೇ ಎಂದು ನನಗೆ ಅನ್ನಿಸಿತು.

"ಕೇಳಾಕಿನ್ನ," ಎಂದೆ ಅಂಬಿಕಾಳಿಗೆ, "ಇಷ್ಟು ಎತ್ತರ ಅದಾಳ, ಇಷ್ಟು ಓದ್ಯಾಳ, ಇವನ್ಯಾಕ ಬೇಕು?"

ಅಂಬಿಕಾ ಕೇಳಿದಳು. ಇಲ್ಜೆ ಭುಜ ಕುಣಿಸಿ ಏನೋ ಹೇಳಿದಳು.

"ನಾ ಬ್ಯಾಡ ಅಂದ್ರ ಇದೇ ಕೋಣಿ ಸಾಲಿನ್ಯಾಗ ಹೂಂ ಅನ್ನೋರು ಮೂರು ಮಂದಿ ಅದಾರ ಅಂತಾಳ. ಸಿಕ್ಕಷ್ಟು ಸಿಗಲಿ ಅಂತ."

"ನಮ್ಮೂರ ದೇವರಿಗಿ ಬಿಟ್ಟ ಗೂಳಿ ಸುದ್ದಿ ಹೇಳು ಆಕಿಗಿ. ಯಾರ ಹೊಲ ಮೇದ್ರೂ ಬಡಿಯಂಗಿಲ್ಲ. ಅದಕ ಸೊಕ್ಕು ಬಂದಿದ್ದು ಅದರಿಂದಲ್ಲ, ನಮ್ಮಿಂದ."

ಅದನ್ನು ಹೇಗೆ ಹೇಳಿದಳೋ, ಇಲ್ಜೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿ ತಾಟು ಒರೆಸಿದಳು.

ಅವಳು ಹೊರಗೆ ಹೋದ ಮೇಲೆ ನಾನು ಕೇಳಬೇಕಾದದ್ದು ಕೇಳಿದೆ. "ನಿಂದೇನು? ನಿನಗೂ ಯಾವನರ ಅದಾನೇನು?"

"ಇದ್ದ," ಎಂದಳು ಅಂಬಿಕಾ, ಮುಖ ತಪ್ಪಿಸದೆ. "ನಾಕು ತಿಂಗಳು. ಸಿನಿಮಾಕ್ಕ ಹೋಗ್ತಿದ್ವಿ, ಕಾಫಿ ಕುಡೀತಿದ್ವಿ. ಆಮ್ಯಾಲ ಗೊತ್ತಾತು, ನನ್ನಂಥೋರು ಇನ್ನೂ ಇಬ್ಬರು ಅದಾರ ಅಂತ. ಕೇಳಿದ್ರ, ಇಲ್ಲಿ ಹಿಂಗೇ, ನೀ ಬಿಟ್ರ ಒಬ್ಬಾಕೇ ಕೂಡಬೇಕಾಗ್ತದ ಅಂದ."

"ಏನಂದಿ?"

"ಕೂಡ್ತೇನಿ ಅಂದೆ. ಕೂತೇನಿ."

ನಾನು ಅವಳನ್ನು ಬೈಯಬೇಕಿತ್ತು. ಬೈಯಲಿಲ್ಲ. ಯಾಕೆಂದರೆ ಒಳಗೊಳಗೆ ನನಗೆ ಸಿಟ್ಟು ಬಂದದ್ದು ಅವಳ ಮೇಲಲ್ಲ, ಆ ಹುಡುಗನ ಮೇಲೆ.

ಕುಣಿತ

ಅವರಲ್ಲಿ ಬೇಸಿಗೆಯ ಒಂದು ಹಬ್ಬ. ಹುಡುಗಿಯರು ಹೂವಿನ ದಂಡೆ ತಲೆಗೆ ಕಟ್ಟುತ್ತಾರೆ, ಹುಡುಗರು ಎಲೆಯದು. ಕಾಲೇಜಿನ ಬಯಲಿನಲ್ಲಿ ಮಧ್ಯಾಹ್ನವೇ ಕುಣಿತ ಶುರುವಾಯಿತು. ಜೋಡಿ ಕುಣಿತ. ಜೋಡಿಗೆ ಗಂಡು ಸಾಲವು. ಅದಕ್ಕೆ ಅರ್ಧ ಹುಡುಗಿಯರು ರಟ್ಟೆಗೆ ಕೆಂಪು ಕರವಸ್ತ್ರ ಕಟ್ಟಿಕೊಂಡು ಗಂಡಾಗಿ ಕುಣಿದರು. ಇಲ್ಜೆ ಕರವಸ್ತ್ರ ಕಟ್ಟಿಕೊಂಡು ಅಂಬಿಕಾಳನ್ನು ಗಿರಗಿರ ತಿರುಗಿಸಿದಳು. ನಮ್ಮಲ್ಲಿ ಹೋಳಿಯ ಸೋಗಿನಲ್ಲಿ ಗಂಡಸು ಸೀರೆ ಉಟ್ಟು ಹೆಣ್ಣಾಗುತ್ತಾನೆ, ಏಕೆಂದರೆ ಹೆಣ್ಣುಮಕ್ಕಳನ್ನು ಬಯಲಿಗೆ ಬಿಡುವುದಿಲ್ಲ. ಇಲ್ಲಿ ಹೆಣ್ಣು ಚಿಂದಿ ಕಟ್ಟಿಕೊಂಡು ಗಂಡಾಗುತ್ತಾಳೆ. ಎಲ್ಲಿ ನೋಡಿದರೂ ಒಂದು ಕಡೆ ಕೊರತೆ.

ನಡುವೆ ಒಂದು ಹಾಡು ಹುಡುಗಿಯರು ತಾವೇ ಹೋಗಿ ಹುಡುಗನನ್ನು ಕರೆಯುವ ಹಾಡು. ಹುಡುಗರು ಸಾಲಾಗಿ ನಿಂತರು, ಸಂತೆಯಲ್ಲಿ ಹೋರಿ ನಿಲ್ಲಿಸಿದ ಹಾಗೆ. ಇಲ್ಜೆ ಕರವಸ್ತ್ರ ಬಿಚ್ಚಿದಳು. ನನ್ನತ್ತ ಒಮ್ಮೆ ನೋಡಿದಳು. ನೇರ ಮಾರ್ಟಿನ್ಸನ ಹತ್ತಿರ ಹೋದಳು. ನಾನು ಹೇಳಿದ್ದು ಗಾಳಿಗೆ ಹೋಯಿತು. ಇರಲಿ, ಅವಳ ಕಾಲು, ಅವಳ ಕುಣಿತ.

ಅಂಬಿಕಾ ಯಾರನ್ನೂ ಕರೆಯಲಿಲ್ಲ. ಬಂದು ನನ್ನ ಪಕ್ಕಕ್ಕೆ ಹುಲ್ಲಿನ ಮೇಲೆ ಕೂತು ಬೂಟು ಬಿಚ್ಚಿ ಕಾಲು ತಿಕ್ಕಿಕೊಂಡಳು. ಆಚೆ ಈಚೆ ಹುಡುಗಿಯರು ಓಡುತ್ತಿದ್ದರು, ಹಾಡು ಮುಗಿಯುವುದರೊಳಗೆ ಒಬ್ಬನಾದರೂ ಸಿಗಲಿ ಎಂದು. ಇವಳು ಕಾಲು ತಿಕ್ಕಿಕೊಳ್ಳುತ್ತಿದ್ದಳು. ಅವಸರವೇ ಇಲ್ಲ.

ಉಡಿ

ಮಣ್ಣೂರಿನವರು ಫೋಟೋ ಯಾವಾಗ ಎಂದು ಶರಣಪ್ಪನ ಕೈಯಿಂದ ದಿನಕ್ಕೆ ಎರಡು ಸಲ ಕೇಳಿಸುತ್ತಿದ್ದರು. ಮರುದಿನ ಮುಂಜಾನೆ ಗಂಟು ಬಿಚ್ಚಿದೆ. ತಾಟಿನಲ್ಲಿ ಸೀರೆ, ಖಣ, ಉತ್ತತ್ತಿ, ಅರಿಶಿನ ಕೊಂಬು, ಅಕ್ಕಿ ಇಟ್ಟೆ. ಕೊಬ್ಬರಿ ಹೈದರಾಬಾದಿನಲ್ಲಿ ಹೊಟ್ಟೆಗೆ ಹೋಗಿತ್ತಲ್ಲ, ಅದರ ಜಾಗದಲ್ಲಿ ಹಬ್ಬದ ದಂಡೆಯಿಂದ ನಾಲ್ಕು ಹೂವು ತೆಗೆದು ಇಟ್ಟೆ.

"ಅಂಬಿ, ಬಾ ಇಲ್ಲಿ. ಆಯಿ ಆಶೀರ್ವಾದ ಮಾಡ್ತಾಳ, ಉಡಿ ಒಡ್ಡು."

ಅವಳು ಚಡ್ಡಿ, ಅಂಗಿಯಲ್ಲಿ ನಿಂತಿದ್ದಳು. ಒಡ್ಡಲು ಸೆರಗೇ ಇಲ್ಲ. ಹಸಿರು ಸೀರೆ ನೋಡಿದಳು, ನನ್ನ ಮುಖ ನೋಡಿದಳು. ಆಗಲೇ ಇಲ್ಜೆ ಒಳಗೆ ಬಂದಳು. ತಾಟು ನೋಡಿದವಳೇ ಬಾಯಿಗೆ ಕೈ ಇಟ್ಟುಕೊಂಡು ಸಣ್ಣ ದನಿಯಲ್ಲಿ ಏನೋ ಕೇಳಿದಳು.

"ಏನಂತಾಳ?"

"ಯಾರು ಸತ್ತರು ಅಂತ ಕೇಳಾಕತ್ತಾಳ," ಎಂದಳು ಅಂಬಿಕಾ. "ಇವರಲ್ಲಿ ಸರಿಸಂಖ್ಯೆ ಹೂವು ಸತ್ತವರಿಗಿ ಇಡ್ತಾರ, ಬದುಕಿದವರಿಗಿ ಬೆಸ. ಏನ್ ಹೇಳ್ಲಿ ಆಯಿ? ನಾನು ಅಂತ ಹೇಳ್ಲೇನು?"

ಇಲ್ಜೆ ಬಾಗಿಲು ಎಳೆದುಕೊಂಡು ಹೋದಳು. ಅಂಬಿಕಾ ಹಾಸಿಗೆಯ ತುದಿಗೆ ಕೂತಳು. ಅಳಲಿಲ್ಲ. ಅತ್ತಿದ್ದರೆ ನಾನು ಗಟ್ಟಿಯಾಗುತ್ತಿದ್ದೆ. ಅಳುವವರ ಮುಂದೆ ನನಗೆ ಮೊದಲಿನಿಂದ ಸಿಟ್ಟು ಜಾಸ್ತಿ.

"ಇದು ಮಣ್ಣೂರವರ ಸೀರಿ ಹೌದಲ್ಲ?"

"ಹೌದು."

"ನೀನೂ ಅಪ್ಪನ ಕಡಿ."

"ನಿಮ್ಮಣ್ಣಗ ಮೂವತ್ಮೂರು ಆಗ್ಯಾವ. ನೀ ಹೂಂ ಅನ್ನಲಿಲ್ಲಂದ್ರ ಅವನು ಹಂಗೇ ಉಳೀತಾನ."

"ಉಳೀಲಿ ಅಂತ ನನಗ ಆಸೆ ಅದ ಏನು? ಅಣ್ಣ ನನಗ ಬ್ಯಾಡಾದವನೇನು?" ಎಂದಳು. "ಅಲ್ಲಿ ಹೆಣ್ಣು ಕಡಿಮಿ ಅಂತ ನನ್ನ ಕೊಟ್ಟು ಇನ್ನೊಬ್ಬಾಕಿನ್ನ ತರ್ತೀರಿ. ಇಲ್ಲಿ ಗಂಡು ಕಡಿಮಿ ಅಂತ ಸಿಕ್ಕವನ್ನ ಹಿಡಕೋ ಅಂತಾರ. ಕಡಿಮಿ ಇದ್ರೂ ನಾನೇ ತಲಿ ಬಗ್ಗಸಬೇಕು, ಹೆಚ್ಚಿದ್ರೂ ನಾನೇ ಬಗ್ಗಸಬೇಕು. ಎಲ್ಲಿ ಹೋಗ್ಲಿ ಆಯಿ, ಎಷ್ಟು ಮಂದಿ ಇದ್ದಲ್ಲಿ ಹೋಗ್ಲಿ?"

ಅವಳು ಮುಂದುವರಿಸಿದಳು, ಈಗ ಇನ್ನೂ ಮೆಲ್ಲಗೆ.

"ಅಣ್ಣಗೂ ನನಗೂ ನಡುವ ಹತ್ತು ವರ್ಷ ಯಾಕ ಅದ, ನನಗ ಗೊತ್ತದ. ಅವ್ವ ಹೇಳ್ಯಾಳ."

ಇದನ್ನು ನಾನೇ ಬರೆಯುತ್ತೇನೆ, ಬೇರೆಯವರ ಬಾಯಿಂದ ಯಾಕೆ ಬರಬೇಕು. ಮಲ್ಲಿನಾಥನಾದ ಮೇಲೆ ಸೊಸೆ ಎರಡು ಸಲ ಬಸುರಾದಳು. ಎರಡು ಸಲವೂ ಅವಳನ್ನು ಬಸ್ಸಿನಲ್ಲಿ ಗಡಿ ದಾಟಿಸಿ, ಯಂತ್ರ ಇಟ್ಟುಕೊಂಡಿದ್ದ ಒಬ್ಬ ಡಾಕ್ಟರನ ಹತ್ತಿರ ಕರೆದುಕೊಂಡು ಹೋದವಳು ನಾನು. ಎರಡು ಸಲವೂ ಹೆಣ್ಣೆಂದ. ಎರಡು ಸಲವೂ ತೆಗೆಸಿಕೊಂಡು ಬಂದೆವು. ಸೊಸೆ ಒಲ್ಲೆ ಎಂದಿದ್ದಳು. ಅವಳನ್ನು ಯಾರು ಕೇಳಿದರು. ಮೂರನೆಯ ಸಲ ಗಂಡು ಎಂದ. ಪೇಡೆ ಹಂಚಿದೆ. ಯಂತ್ರ ತಪ್ಪು ಹೇಳಿತ್ತು, ಅಂಬಿಕಾ ಹುಟ್ಟಿದಳು. ಓಣಿಯಲ್ಲಿ ಹೀಗೆ ಹೋಗಿ ಬಂದವಳು ನಾನೊಬ್ಬಳೇ ಅಲ್ಲ, ಆದರೆ ಉಳಿದವರದು ಅವರು ಹೇಳಲಿ.

"ಗೊತ್ತಿದ್ದೂ ನನ್ನ ಫೋನ್ ಯಾಕ ಎತ್ತತಿದ್ದಿ?" ಎಂದೆ.

"ನೀ ಬೆಳಸಿದಿ. ಅದೂ ಖರೇ, ಇದೂ ಖರೇ. ಎರಡೂ ಒಂದೇ ಡಬ್ಬಿಯಾಗ ಹಾಕಾಕ ನನಗ ಬರಂಗಿಲ್ಲ."

ನಾನು ಎದ್ದೆ. ಕ್ಷಮೆ ಗಿಮೆ ಕೇಳಲಿಲ್ಲ. ಅದನ್ನು ಕೇಳಿ ಯಾರಿಗೂ ಏನೂ ಆಗುವುದಿಲ್ಲ. ಸೀರೆ ಮಡಚಿ ಗಂಟಿಗೆ ಹಾಕಿದೆ, ಮಣ್ಣೂರಿಗೆ ತಿರುಗಿ ಕೊಡಲು. ಉತ್ತತ್ತಿಯ ತಾಟು ಹೊರಗೆ ಕೋಣೆಗಳ ಮುಂದಿನ ಓಡಾಟದ ದಾರಿಯಲ್ಲಿ ಇಟ್ಟೆ. ಹೋಗುವ ಬರುವ ಹುಡುಗಿಯರು ಒಂದೊಂದು ಬಾಯಿಗೆ ಹಾಕಿಕೊಂಡರು. ಮಧ್ಯಾಹ್ನದೊಳಗೆ ಖಾಲಿ.

ನದಿಯ ದಂಡೆ

ಆ ಊರಿನಲ್ಲೊಂದು ನದಿ ಇದೆ. ಭೀಮೆಯಷ್ಟು ಅಗಲವಿಲ್ಲ, ಆದರೆ ಬೇಸಿಗೆಯಲ್ಲೂ ನೀರಿದೆ. ದಂಡೆಯ ಬೆಂಚಿನ ಮೇಲೆ ಕೂತು ಅಂಬಿಕಾಳ ಕೈಯಿಂದ ಮನೆಗೆ ಫೋನು ಹಚ್ಚಿಸಿದೆ, ಮುಖ ಕಾಣುವ ಫೋನು. ಅಂಗಳದಲ್ಲಿ ಶರಣಪ್ಪನ ಪಕ್ಕಕ್ಕೆ ರೇಣುಕಾಳ ಅಪ್ಪ ಕೂತಿದ್ದ, ಹೊಸ ರುಮಾಲು ಸುತ್ತಿಕೊಂಡು. ಫೋಟೋ ನೋಡಿಯೇ ಹೋಗುತ್ತೇನೆಂದು ಬಂದಿದ್ದನಂತೆ.

"ಉಡಿ ತುಂಬಿದ್ರೇನ್ರಿ ಅಮ್ಮಾರ?" ಎಂದ.

"ಇಲ್ರಿ. ತುಂಬಂಗಿಲ್ಲ. ಸಾಟಿ ಮುರೀತು. ಮುರದಾಕಿ ನಾನು, ಹುಡುಗಿ ಅಲ್ಲ. ಸೀರಿ ತಿರುಗಿ ತರ್ತೇನಿ."

ಶರಣಪ್ಪ ಎದ್ದು ನಿಂತ. "ಯವ್ವಾ, ತಲಿ ಕೆಟ್ಟದೇನು ನಿಂದು?"

ಬೀಗ ಆಗಬೇಕಾದವನು ಕೈ ಎತ್ತಿ ಅವನನ್ನು ಕೂಡಿಸಿದ. "ಇರ್ರಿ. ಖರೇ ಹೇಳ್ರಿ ಅಮ್ಮಾರ, ನಿಮ್ಮ ಹುಡುಗಿ ಅಲ್ಲಿ ಯಾವನ್ನರ ಹಿಡಕೊಂಡಾಳೇನು?"

ಅಂಬಿಕಾ ನನ್ನ ಸೀರೆಯ ನಿರಿಗೆ ಜಗ್ಗಿದಳು. ನಾನು ಬಿಡಿಸಿಕೊಂಡೆ. ಮುಚ್ಚಿಟ್ಟರೆ ಅದೇ ಅವರ ಕೈಗೆ ಹಗ್ಗವಾಗುತ್ತದೆ.

"ಒಬ್ಬನ ಗೆಳೆತನ ಮಾಡಿದ್ಳು. ಸೇರಲಿಲ್ಲ, ಬಿಟ್ಟಾಳ. ಸೇರದವನ್ನ ಬಿಡೋದು ಆಕಿಗಿ ಬರ್ತದ. ನಿಮ್ಮ ಮಗಳಿಗಿ ಬರ್ತದೇನು, ಒಂದ್ಸಲ ಕೇಳಿ ನೋಡ್ರಿ."

ಅವನು ಎದ್ದ. ರುಮಾಲು ಸರಿಮಾಡಿಕೊಂಡು ಫೋನಿನಿಂದ ಆಚೆ ಹೋದ. ಮೋಟಾರ್ ಸೈಕಲ್ ಶುರುವಾದ ಸದ್ದು ಲಾಟ್ವಿಯಾದ ತನಕ ಕೇಳಿಸಿತು. ಶರಣಪ್ಪ ಏನೇನೋ ಅಂದ. ಅದನ್ನೆಲ್ಲ ಬರೆಯುವುದಿಲ್ಲ. ಅವನು ನನ್ನ ಮಗ.

"ಮಲ್ಲ್ಯಾನ ಕೈಯಾಗ ಕೊಡು," ಎಂದೆ.

ಮಲ್ಲಿನಾಥ ಬಂದ. ಹೊಲದಿಂದ ಈಗಷ್ಟೇ ಬಂದಿದ್ದ, ಹಣೆಯಲ್ಲಿ ಮಣ್ಣು.

"ನನ್ನ ಮದಿವಿ ಮುರದಿ ಆಯಿ."

"ಮುರದೆ."

"ನಾ ಏನ್ ತಪ್ಪ ಮಾಡೀನಿ?"

"ನೀ ಮಾಡಿಲ್ಲೋ. ನಿನ್ನ ಹೆಂಡತಿ ಆಗಬೇಕಾದಾಕಿನ್ನ ನನ್ನಂಥ ಯಾವಾಕೋ ಮುದುಕಿ ಹುಟ್ಟೂಕಿಂತ ಮೊದಲೇ ಗಡಿ ದಾಟಿಸಿ ಬಂದಾಳ. ಬ್ಯಾರೆ ಯಾರದೋ ಹೆಂಡ್ತ್ಯಾರು ಆಗೋ ಇಬ್ಬರನ್ನ ನಾ ದಾಟಿಸಿ ಬಂದೀನಿ. ಎಲ್ಲಾರೂ ಕೂಡಿ ಊರು ಖಾಲಿ ಮಾಡಿವಿ. ಅದರ ದಂಡ ಅಂಬಿ ಕೊಡಬೇಕೇನು? ಇಲ್ಲಾ ಆ ರೇಣುಕಾ ಕೊಡಬೇಕೇನು?"

ಅವನು ಹಣೆಯ ಮಣ್ಣು ಒರೆಸಿಕೊಂಡ. ಹಿಂದೆ ಎಮ್ಮೆ ಒದರುತ್ತಿತ್ತು.

"ರೇಣುಕಾನ್ನ ಯಾರೂ ಕೇಳಿಲ್ಲೇನು?" ಎಂದ ಕೊನೆಗೆ.

"ನೀ ಕೇಳೀಯೇನು?"

ಫೋನು ಕಟ್ ಮಾಡಿದ.

ಅಂಬಿಕಾ ನದಿ ನೋಡುತ್ತ ಕೂತಿದ್ದಳು. "ಅವನ ಸುದ್ದಿ ಅವರಿಗೆಲ್ಲಾ ಯಾಕ ಹೇಳಿದಿ ಆಯಿ?" ಎಂದಳು. "ಇನ್ನ ಊರಾಗ ನನ್ನ ಹೆಸರ ಕೆಡ್ತದ."

"ಕೆಡಲಿ. ಕೆಟ್ಟ ಹೆಸರಿನಾಕಿನ್ನ ಯಾರೂ ಸಾಟಿಗಿ ಕೇಳಂಗಿಲ್ಲ."

ಅವಳು ನನ್ನ ಕಡೆ ತಿರುಗಿದಳು. ನಗಬೇಕೋ ಬೈಯಬೇಕೋ ಅವಳಿಗೆ ತಿಳಿಯಲಿಲ್ಲ. ಎರಡನ್ನೂ ಮಾಡಿದಳು.

ಆಳಂದ, ಮತ್ತೆ ಮನೆ

ತಿರುಗಿ ಬರುವಾಗ ಹೈದರಾಬಾದಿಗೆ ಯಾರೂ ಬರಲಿಲ್ಲ. ಕೊರಳ ಚೀಟಿ ಹರಿದು ಚೀಲಕ್ಕೆ ಹಾಕಿ, ಕೇಳಿಕೊಂಡು ಕೇಳಿಕೊಂಡು ಬಸ್ಸು ಹತ್ತಿ ನಮ್ಮೂರಿನ ಹತ್ತಿರದ ಆಳಂದಕ್ಕೆ ಬಂದೆ. ಸಮುದ್ರ ದಾಟಿ ಬಂದವಳಿಗೆ ಬಸ್‌ಸ್ಟ್ಯಾಂಡು ಯಾವ ಲೆಕ್ಕ. ಅಲ್ಲಿ ಮಲ್ಲಿನಾಥ ಮೋಟಾರ್ ಸೈಕಲ್ ಹಿಡಿದು ನಿಂತಿದ್ದ. ನನ್ನ ಗಂಟು ಇಸಿದುಕೊಂಡ. ಅರ್ಧ ದಾರಿ ಬಂದ ಮೇಲೆ ತೊಗರಿ ಹೊಲದ ಬದಿಗೆ ಗಾಡಿ ನಿಲ್ಲಿಸಿದ.

"ರೇಣುಕಾಗ ಫೋನ್ ಹಚ್ಚಿದ್ದೆ," ಎಂದ, ಹೊಲದ ಕಡೆ ನೋಡುತ್ತ.

"ಏನಂದಳು?"

"ನನ್ನ ನಂಬರ್ ಯಾರು ಕೊಟ್ರು ಅಂದಳು ಮೊದಲು. ಸಾಟಿ ಮಾತಾದಾಗ ನಿಮ್ಮಪ್ಪ ಕೊಟ್ಟಿದ್ರು, ಒಂದೇ ಮಾತು ಕೇಳಿ ಇಡ್ತೇನಿ ಅಂದೆ. ನಿಮಗ ನಾ ಬೇಕೋ ಬ್ಯಾಡೋ ಅಂತ ಕೇಳಿದೆ."

"ಹೂಂ."

"ಬ್ಯಾಡ್ರಿ ಅಂದಳು. ಬಿ.ಎಡ್. ಮಾಡಬೇಕಂತ." ಅವನು ಬದಿಯ ಒಂದು ಹುಲ್ಲು ಕಿತ್ತ. "ಆಮ್ಯಾಲ, ಇಷ್ಟು ದಿನದಾಗ ಕೇಳಿದವರು ನೀವೊಬ್ಬರೇ ಅಂದಳು. ಸಂಭಾವಿತ ಅದೀರಿ, ಛಲೋ ಆಗಲಿ ಅಂದಳು."

"ಹೊಟ್ಟಿ ಉರೀತೇನು?"

"ಉರೀತು," ಎಂದ. "ಆದ್ರ ಸಾಟಿಗಿ ಬಂದು ಮನ್ಯಾಗ ಕೂತು ದಿನಾ ಬ್ಯಾಡ ಅಂದಿದ್ರ ಇನ್ನೂ ಉರೀತಿತ್ತು."

ನಾನು ಅವನಿಗೆ ಸಮಾಧಾನ ಹೇಳಲಿಲ್ಲ. ಎಲ್ಲೋ ಒಬ್ಬಳು ಸಿಗುತ್ತಾಳೆ ಎಂದು ಹೇಳುವುದಕ್ಕೆ ನಾನು ದೇವರಲ್ಲ. ಸಿಗದೆಯೂ ಇರಬಹುದು. ಅದನ್ನೂ ಅವನ ಮುಖಕ್ಕೇ ಹೇಳಿದೆ. ಗೊತ್ತದ ಎಂದು ಗಾಡಿಗೆ ಒದ್ದ.

ಮನೆಯ ಮುಂದೆ ಓಣಿಯ ಹೆಂಗಸರು ಆಗಲೇ ನೆರೆದಿದ್ದರು. ಕಟ್ಟೆಯ ಮೇಲೆ ಶರಣಪ್ಪ ಕೂತಿದ್ದ. ನಾನು ಇಳಿಯುವುದನ್ನು ನೋಡಿ, ಎಲ್ಲರಿಗೂ ಕೇಳುವ ಹಾಗೆ ಅಂದ, "ಬಂದ್ಳು ನೋಡ್ರಿ, ಮನಿ ಮುರದಾಕಿ."

"ಬಂದೆ," ಎಂದೆ. "ಕಾಲಿಗಿ ನೀರು ಕೊಡು, ಒಳಗ ಬರ್ತೇನಿ."

ಅವನು ಅಲುಗಲಿಲ್ಲ. ಸೊಸೆ ಬಾಗಿಲಲ್ಲಿ ನಿಂತಿದ್ದಳು, ಅವಳೂ ಅಲುಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಮಲ್ಲಿನಾಥ ಗಂಟು ಕೆಳಗಿಟ್ಟು ಕೊಡದ ಕಡೆ ಹೊರಟ.

"ನೀ ನಿಂದ್ರು," ಎಂದೆ. "ಅವನೇ ಕೊಡ್ಲಿ."

ಬಿಸಿಲಿನಲ್ಲಿ ನಿಂತೆ. ಓಣಿಯೂ ನಿಂತಿತ್ತು. ನನಗೆ ಅವಸರವಿರಲಿಲ್ಲ. ಶರಣಪ್ಪ ಎದ್ದ, ಕೊಡದಲ್ಲಿ ತಂಬಿಗೆ ಅದ್ದಿದ, ತಂದು ನನ್ನ ಕಾಲ ಮುಂದೆ ಕುಕ್ಕಿದ. ಅರ್ಧ ಚೆಲ್ಲಿತು. ಉಳಿದ ಅರ್ಧದಲ್ಲಿ ಕಾಲು ತೊಳೆದುಕೊಂಡು ಒಳಗೆ ಹೋದೆ.